ಹೊಸ ಫೋನಿನಲ್ಲಿ ‘ಗುಬ್ಬಿ’ ಸರಿಯಾಗಿ ಕಂಡ ಬಗೆ

ಹೊಸ ಮೊಬೈಲ್ ಫೋನು ಮನೆಗೆ ಬಂದ ದಿನ ಮೊದಲು ನೋಡುವುದು ಏನನ್ನು? ಬಣ್ಣ, ತೂಕ, ಪರದೆಯ ಅಗಲ, ಕ್ಯಾಮೆರಾ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ. ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿನ ಬಿ.ಎಚ್. ರಸ್ತೆಗೆ ಬಂದು ಫೋನು ಕೊಳ್ಳುವವರು ಅಂಗಡಿಯಲ್ಲಿ ವಿಚಾರಿಸುವುದೂ ಇದನ್ನೇ. ಆದರೆ 2010ರ ಸುಮಾರಿನಲ್ಲಿ ಹಳೆಯ ಫೋನು ಬದಲಿಸಿ ಸ್ಮಾರ್ಟ್‌ಫೋನ್ ಹಿಡಿದ ಕನ್ನಡಿಗರು ಮೊದಲು ಇನ್ನೊಂದು ಪರೀಕ್ಷೆ ಮಾಡುತ್ತಿದ್ದರು: ಇದರಲ್ಲಿ ಕನ್ನಡ ಕಾಣುತ್ತದೆಯೇ?

ಬಹಳ ಸಲ ಕಾಣುತ್ತಿರಲಿಲ್ಲ. ಅಕ್ಷರವಿರಬೇಕಾದ ಜಾಗದಲ್ಲಿ ಖಾಲಿ ಚೌಕಗಳ ಸಾಲು ಮೂಡುತ್ತಿತ್ತು. ಸಾವಿರಾರು ರೂಪಾಯಿ ತೆತ್ತ ಯಂತ್ರದ ಮೊದಲ ನೋಟವೇ ಹೀಗಿದ್ದರೆ ಸಂತೋಷ ಅರ್ಧವಾಗದೆ ಇರುತ್ತದೆಯೇ? ಇಂದು ಆ ಪ್ರಶ್ನೆ ಕೇಳುವವರು ಅಪರೂಪ. ಕೇಳುವ ಅಗತ್ಯವೇ ಇಲ್ಲದ ಈ ಸ್ಥಿತಿ ತಾನಾಗಿ ಬಂದದ್ದಲ್ಲ.

ದನಿಗೆ ಲಿಪಿ ಬೇಡ

ದೂರವಾಣಿಯ ಮೊದಲ ಕಾಲದಲ್ಲಿ ಈ ತೊಡಕು ಇರಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆ ತಯಾರಿಸಿದ ಕಪ್ಪು ಫೋನಿನ ಡಯಲಿನಲ್ಲಿ ಅಂಕಿಗಳನ್ನು ಗುರುತಿಸಲು ಬಂದರೆ ಸಾಕಿತ್ತು. 1986ರ ಜುಲೈನಲ್ಲಿ ಸಿ-ಡಾಟ್ ಸಂಸ್ಥೆಯ 128 ಸಂಪರ್ಕಗಳ ಮೊದಲ ಗ್ರಾಮೀಣ ವಿನಿಮಯ ಕೇಂದ್ರ ನಮ್ಮ ಕಿತ್ತೂರಿನಲ್ಲೇ ಕೆಲಸ ಆರಂಭಿಸಿತು. ಅಂಥ ಕೇಂದ್ರಗಳು ಹಬ್ಬಿದಂತೆ ಹಳ್ಳಿಹಳ್ಳಿಗೂ ಫೋನು ಬಂತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಆದಾಗಲೂ ತಂತಿಯಿಲ್ಲದೆ ಹರಿದದ್ದು ದನಿಯೇ. ದನಿಗೆ ಲಿಪಿಯ ಹಂಗಿಲ್ಲ. ಕನ್ನಡದಲ್ಲಿ ಮಾತನಾಡಿದರೆ ಕನ್ನಡದಲ್ಲೇ ಕೇಳುತ್ತಿತ್ತು.

ಬರಹದ ಕಥೆ ಹಾಗಲ್ಲ. ‘ತಂತಿ ಬಂತು’ ಎಂದರೆ ಮನೆಯವರ ಎದೆ ನಡುಗುತ್ತಿದ್ದ ಕಾಲದಲ್ಲಿ ಟೆಲಿಗ್ರಾಂ ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿರುತ್ತಿತ್ತು. ಕನ್ನಡ ಚೆನ್ನಾಗಿ ಓದಬಲ್ಲವರೂ ಅದನ್ನು ಅಂಚೆಯವರಿಂದಲೋ ಶಾಲೆಯ ಮೇಷ್ಟರಿಂದಲೋ ಓದಿಸಿಕೊಳ್ಳಬೇಕಿತ್ತು. ಸಾವಿನ ಸುದ್ದಿಯಾದರೂ ಸರಿ, ಕೆಲಸ ಸಿಕ್ಕ ಸುದ್ದಿಯಾದರೂ ಸರಿ, ಮನೆಯವರಿಗಿಂತ ಮೊದಲು ಬೇರೆಯವರಿಗೆ ತಿಳಿಯುತ್ತಿತ್ತು. ಆ ಸೇವೆ 2013ರ ಜುಲೈನಲ್ಲಿ ನಿಂತಿತು.

ಅಷ್ಟರಲ್ಲಿ ತಂತಿಯ ಜಾಗಕ್ಕೆ ಎಸ್ಸೆಮ್ಮೆಸ್ ಬಂದಾಗಿತ್ತು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಮೊದಲ ಸಂದೇಶ ರವಾನೆಯಾಯಿತು. ಒಂದು ಸಂದೇಶಕ್ಕೆ ಮೀಸಲಾದ ಜಾಗ 140 ಬೈಟ್‌ಗಳು. ಇಷ್ಟರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡದ 70 ಚಿಹ್ನೆಗಳಷ್ಟೇ ಹಿಡಿಯುತ್ತವೆ. ಕೊಂಬು, ಒತ್ತುಗಳೂ ಈ ಎಪ್ಪತ್ತರೊಳಗೇ ಬರಬೇಕು. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಸಂದೇಶದಲ್ಲಿ ಮುಗಿಯುವ ಮಾತಿಗೆ ಕನ್ನಡದಲ್ಲಿ ಎರಡು ಬೇಕಾಗಬಹುದಿತ್ತು. ಕಳಿಸಿದರೂ ಆಚೆ ತುದಿಯ ಫೋನಿನಲ್ಲಿ ಕನ್ನಡವಿರದಿದ್ದರೆ ಚೌಕಗಳೇ ಗತಿ. ಜನ ಉಪಾಯ ಹುಡುಕಿಕೊಂಡರು. ‘ಊಟ ಆಯ್ತಾ’ ಎಂಬ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕಳಿಸಿದರು. ಕನ್ನಡ ಮಾತ್ರ ಓದಬಲ್ಲ ತಾಯಿ ಅದನ್ನು ಮಕ್ಕಳಿಂದ ಓದಿಸಿಕೊಂಡಳು. ಯಂತ್ರ ಹೊಸದಾದರೂ ಪಾಡು ತಂತಿಯ ಕಾಲದ್ದೇ ಆಯಿತು.

ಮೂರು ಊರು, ಮೂರು ಪರೀಕ್ಷೆ

ಕನ್ನಡವನ್ನು ಪರದೆಯ ಮೇಲೆ ಮೂಡಿಸುವುದು ಏಕೆ ಅಷ್ಟು ಕಷ್ಟವಾಯಿತು? ಈ ಜಿಲ್ಲೆಯ ಮೂರು ಊರುಗಳ ಹೆಸರನ್ನೇ ತೆಗೆದುಕೊಳ್ಳಬಹುದು. ‘ತುಮಕೂರು’ ಎಂದು ಬರೆಯಲು ತಕಾರಕ್ಕೂ ರಕಾರಕ್ಕೂ ಕೊಂಬು ಬೇಕು, ಕಕಾರಕ್ಕೆ ಕೊಂಬಿನ ಇಳಿ ಬೇಕು. ‘ಕುಣಿಗಲ್’ ಅರ್ಧಾಕ್ಷರದಲ್ಲಿ ಮುಗಿಯುತ್ತದೆ. ಲಕಾರಕ್ಕೆ ಹೊಸ ರೂಪ ಮೂಡಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಪುಟ್ಟ ಹೆಸರಿನ ‘ಗುಬ್ಬಿ’.

ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಆದರೆ ಯಂತ್ರದ ಸ್ಮರಣೆಯಲ್ಲಿ ಅದು ಆರು ಚಿಹ್ನೆಗಳ ಸಾಲು: ಗಕಾರ, ಕೊಂಬು, ಬಕಾರ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಬಕಾರ, ಕೊನೆಗೆ ಗುಡಿಸು. ಉಚ್ಚಾರದಲ್ಲಿ ಇಕಾರ ಬರುವುದು ಎರಡನೆಯ ಬಕಾರದ ನಂತರ. ಬರಹದಲ್ಲಾದರೋ ಗುಡಿಸು ಮೊದಲ ಬಕಾರದ ತಲೆಯ ಮೇಲೆ ಏರಬೇಕು, ಎರಡನೆಯ ಬಕಾರ ಒತ್ತಾಗಿ ಕೆಳಗಿಳಿಯಬೇಕು. 1884ರಲ್ಲಿ ಹುಟ್ಟಿ ಈ ಊರಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಗುಬ್ಬಿ ನಾಟಕ ಕಂಪನಿಯ ಕಾಲದಲ್ಲಿ ಈ ಕೆಲಸ ಅಚ್ಚುಕೂಟದವರ ಕೈಯಲ್ಲಿತ್ತು. ಮೊಳೆ ಜೋಡಿಸುವವರು ಒತ್ತನ್ನು ಅದರ ಜಾಗದಲ್ಲಿ ಕೂರಿಸುತ್ತಿದ್ದರು. ಫೋನಿನಲ್ಲಿ ಆ ಕೈಚಳಕವನ್ನು ತಂತ್ರಾಂಶವೇ ಕಲಿಯಬೇಕು. ಕಲಿಯದ ಫೋನಿನಲ್ಲಿ ಅಕ್ಷರಗಳಿದ್ದರೂ ಬಕಾರಗಳು ಬಿಡಿಬಿಡಿಯಾಗಿ ನಿಂತು ‘ಗುಬ್ಬಿ’ಯ ಗೂಡು ಕೆದರುತ್ತಿತ್ತು.

ಹಲವರ ದುಡಿಮೆ

ಇದರ ಹಿಂದೆ ದೀರ್ಘ ಶ್ರಮವಿದೆ. ಬೆರಳಚ್ಚು ಯಂತ್ರಕ್ಕೆ ಕನ್ನಡದ ಕೀಲಿಮಣೆ ಕೊಟ್ಟವರು ಅನಂತ ಸುಬ್ಬರಾವ್. ಕಂಪ್ಯೂಟರಿನ ಕಾಲಕ್ಕೆ ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನೇ ಅನುಸರಿಸಿ ಸರಳ ಕೀಲಿಮಣೆ ರೂಪಿಸಿದರು. ಅಚ್ಚುಮೊಳೆಯ ನೂರಾರು ತುಂಡುಗಳನ್ನು ನೆನಪಿಡುವ ಬದಲು ವ್ಯಂಜನ, ಸ್ವರ ಮತ್ತು ಅವನ್ನು ಬೆಸೆಯುವ ಒಂದು ಕೀಲಿ, ಇಷ್ಟರಲ್ಲೇ ಎಲ್ಲ ಒತ್ತಕ್ಷರಗಳೂ ಹುಟ್ಟುವಂತಾಯಿತು. ಈ ವಿನ್ಯಾಸವನ್ನು ರಾಜ್ಯ ಸರ್ಕಾರ ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಕಚೇರಿ ಕಚೇರಿಗೆ ತಲುಪಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಹೊರಬಂದು ಮನೆಮನೆಯ ಕಂಪ್ಯೂಟರಿಗೂ ಕನ್ನಡ ಸಿಕ್ಕಿತು.

ಆದರೂ ಒಂದು ಕೊರತೆ ಉಳಿದಿತ್ತು. ಒಂದು ಫಾಂಟಿನಲ್ಲಿ ಬರೆದದ್ದು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚಾಗುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ನಿಶ್ಚಿತ ಸಂಕೇತ ಕೊಡುವ ಯೂನಿಕೋಡ್ ಇದಕ್ಕೆ ಪರಿಹಾರ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಂದಿಗೆ ಬಂತು. ಹೀಗೆ ಮೇಜಿನ ಮೇಲಿನ ಕಂಪ್ಯೂಟರು ಕನ್ನಡ ಕಲಿತಾಗಿದ್ದರೂ ಜೇಬಿನ ಫೋನು ಇನ್ನೂ ಕಲಿತಿರಲಿಲ್ಲ. ಆಂಡ್ರಾಯ್ಡ್ ಫೋನು 2008ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಕನ್ನಡ ಗೊತ್ತಿರಲಿಲ್ಲ. ಕನ್ನಡ ಓದಲೇಬೇಕೆಂಬ ಹಟದವರು ‘ಒಪೆರಾ ಮಿನಿ’ ಎಂಬ ಬ್ರೌಸರ್ ಹಾಕಿಕೊಂಡು, ಅದರ ಒಳ ಆಯ್ಕೆಯೊಂದನ್ನು ಬದಲಿಸಿ, ಅಕ್ಷರಗಳನ್ನು ಚಿತ್ರಗಳಂತೆ ತರಿಸಿಕೊಂಡು ಓದಿದರು. ಈ ಗುಟ್ಟು ಬಾಯಿಂದ ಬಾಯಿಗೆ ಹಬ್ಬಿತು.

2012ರ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಮೂಲದಲ್ಲೇ ಬೆಂಬಲ ಕೊಟ್ಟಿತು. ಹಳೆಯ ಫೋನು ಬಿಟ್ಟು ಹೊಸದು ಹಿಡಿದವರ ಕೈಯಲ್ಲಿ ಗುಬ್ಬಿಯ ಒತ್ತು ಅದರ ಜಾಗದಲ್ಲಿ ಕುಳಿತಿತು. ದೇಶದಲ್ಲಿ ಮಾರುವ ಫೋನುಗಳಲ್ಲಿ ಎಲ್ಲ 22 ಅಧಿಕೃತ ಭಾಷೆಗಳನ್ನು ಓದುವ ಸೌಲಭ್ಯ ಕಡ್ಡಾಯ ಎಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶಿಸಿತು. 2017ರಲ್ಲಿ ಐಫೋನಿಗೂ ಕನ್ನಡ ಕೀಲಿಮಣೆ ಬಂತು. ಈ ನಡುವೆ 2014ರ ನವೆಂಬರ್ 1ರಂದು, ಇಂಗ್ಲಿಷ್ ಬರಹದಲ್ಲಿ ‘ಟುಂಕೂರ್’ ಎಂದು ಕುಗ್ಗಿದ್ದ ಜಿಲ್ಲಾ ಕೇಂದ್ರದ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ‘ತುಮಕೂರು’ ಎಂದು ತಿದ್ದಿಕೊಂಡಿತು. ಕನ್ನಡ ಫಲಕಗಳು ಮೊದಲಿನಿಂದಲೂ ಸರಿಯಾಗಿಯೇ ಇದ್ದವು, ತಿದ್ದಿಕೊಳ್ಳಬೇಕಾಗಿದ್ದುದು ಇಂಗ್ಲಿಷ್.

ಬಳಸಿದರೆ ಉಳಿದೀತು

ಸೌಲಭ್ಯ ಬಂದ ಮಾತ್ರಕ್ಕೆ ಅಭ್ಯಾಸ ಬದಲಾಗುವುದಿಲ್ಲ. ಚೌಕಗಳಿಗೆ ಹೆದರಿ ಕಲಿತ ಇಂಗ್ಲಿಷ್ ಅಕ್ಷರದ ಕನ್ನಡ ಇಂದಿಗೂ ಸಂದೇಶಗಳಲ್ಲಿ ಧಾರಾಳವಾಗಿದೆ. ಬ್ಯಾಂಕಿನ ಖಾತೆಗೆ ಹಣ ಬಂದ, ಹೋದ ಸುದ್ದಿ ಅನೇಕರಿಗೆ ಇನ್ನೂ ಇಂಗ್ಲಿಷಿನಲ್ಲೇ ಬರುತ್ತದೆ. ಹೊಸ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದು ಕೆಲವೇ ನಿಮಿಷದ ಕೆಲಸವಾದರೂ, ಮನೆಯ ಹಿರಿಯರಿಗೆ ಅದನ್ನು ಮಾಡಿಕೊಡುವವರು ಬೇಕು.

ಮಾಡಿಕೊಟ್ಟರೆ ಆಗುವ ಲಾಭ ಸಣ್ಣದಲ್ಲ. ಕ್ಯಾಮೆರಾ ಒಂದೆರಡು ವರ್ಷದಲ್ಲಿ ಹಳತಾಗುತ್ತದೆ, ಬ್ಯಾಟರಿ ಸೊರಗುತ್ತದೆ. ತನಗೆ ಬಂದ ಮಾತನ್ನು ಇನ್ನೊಬ್ಬರ ಕೈಗೆ ಕೊಡದೆ ತಾನೇ ಓದಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಹಳತಾಗುವಂಥದ್ದಲ್ಲ.