ಉಸುಕಿನ ಮೇಲಿನ ಅಕ್ಷರ

ನಮ್ಮ ಬಳ್ಳಾರಿ ಸೀಮೆಯ ಮಕ್ಕಳು ಇನ್ನೂರು ವರ್ಷಗಳ ಹಿಂದೆ ಹೇಗೆ ಬರೆಯಲು ಕಲಿಯುತ್ತಿದ್ದರು ಎಂಬುದು ನನಗೆ ತಿಳಿದದ್ದು ನಾನು ಶಿಕ್ಷಕಿಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಬಿ.ಎಡ್. ಓದುವಾಗ ರೂಸೋ, ಫ್ರೊಬೆಲ್, ಮಾಂಟೆಸ್ಸರಿಯವರನ್ನು ಬಾಯಿಪಾಠ ಮಾಡಿದ್ದೆ. ನಮ್ಮದೇ ಜಿಲ್ಲೆಯ ಮಠದ ಶಾಲೆಯ ವಿಷಯವನ್ನು ಯಾರೂ ಹೇಳಿರಲಿಲ್ಲ. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ಹಳೆಯ ಸರಕಾರಿ ಕಾಗದಪತ್ರಗಳ ಸಂಗ್ರಹ ಒಮ್ಮೆ ಕೈಗೆ ಬಂತು. ಅದರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಅವರು 1823ರ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳಿಸಿದ ವರದಿ ಇತ್ತು.

ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಕಲಿಯುತ್ತಾರೆ ಎಂದು ಲೆಕ್ಕ ಕೇಳಿದ್ದರು. ಅನೇಕ ಕಲೆಕ್ಟರುಗಳು ಅಂಕಿಗಳನ್ನು ತುಂಬಿ ಕೈತೊಳೆದುಕೊಂಡರು. ಕ್ಯಾಂಬೆಲ್ ಹಾಗೆ ಮಾಡಲಿಲ್ಲ. ಅವರು ಸ್ವತಃ ತೆಲುಗು ಕಲಿತು 1816ರಲ್ಲಿ ಆ ಭಾಷೆಗೆ ವ್ಯಾಕರಣ ಬರೆದವರು. ಪರಭಾಷೆಯ ಅಕ್ಷರವನ್ನು ಕೈಗೆ ಒಗ್ಗಿಸಿಕೊಳ್ಳುವ ಕಷ್ಟ ಗೊತ್ತಿದ್ದವರು. ಅದಕ್ಕೇ ಇರಬೇಕು, ಮಕ್ಕಳು ಏನನ್ನು ಓದುತ್ತಾರೆ ಎನ್ನುವುದರ ಜೊತೆಗೆ ಯಾವುದರ ಮೇಲೆ, ಯಾವುದರಿಂದ ಬರೆಯುತ್ತಾರೆ ಎಂಬುದನ್ನೂ ವಿವರವಾಗಿ ಬರೆದಿದ್ದಾರೆ.

ಜಿಲ್ಲೆಯಲ್ಲಿ ಆಗ 533 ಶಾಲೆಗಳು. ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷಿನದು ಒಂದು. ಈಗಿನ ಅನಂತಪುರದ ಕಡೆಯ ಊರುಗಳೂ ಅಂದು ಬಳ್ಳಾರಿಗೇ ಸೇರಿದ್ದುದರಿಂದ ಕನ್ನಡ ತೆಲುಗುಗಳು ಹೀಗೆ ಸಮಸಮವಾಗಿದ್ದವು. ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು 60. ಈ ಅರವತ್ತರ ಮುಂದೆ ನಾನು ತುಸು ಹೊತ್ತು ಪುಸ್ತಕ ಮಗುಚಿಟ್ಟು ಕೂತಿದ್ದೆ.

ಐದನೆಯ ವರ್ಷಕ್ಕೆ ಶಾಲೆ. ಗುರುಗಳೂ ಶಾಲೆಯ ಹುಡುಗರೂ ಮನೆಗೆ ಬಂದು ಗಣಪತಿಯ ಸುತ್ತ ಕೂರುತ್ತಿದ್ದರು. ಗುರುಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದರು. ಇದು ನಮಗೆ ಗೊತ್ತಿರುವ ಅಕ್ಷರಾಭ್ಯಾಸವೇ. ಬೆಳಿಗ್ಗೆ ಆರಕ್ಕೆ ಶಾಲೆ ಸೇರಬೇಕು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬಂದವನ ಗತಿಯನ್ನು ಓದುಗರೇ ಊಹಿಸಿಕೊಳ್ಳಬೇಕು.

ಕ್ಯಾಂಬೆಲ್ ಗಮನಿಸಿದ ಮುಖ್ಯ ಸಂಗತಿ ಬೇರೆ. ಯುರೋಪಿನ ಮಕ್ಕಳು ಅಕ್ಷರದ ಹೆಸರನ್ನು ಹೇಳಿ ಹೇಳಿ ಕಲಿಯುತ್ತಾರೆ, ಇಲ್ಲಿಯ ಮಕ್ಕಳು ನೆಲದ ಉಸುಕಿನಲ್ಲಿ ಬೆರಳಿನಿಂದ ಬರೆದು ಬರೆದು ಕಲಿಯುತ್ತಾರೆ ಎಂದು ಅವರು ಗುರುತಿಸಿದರು. ಬೆರಳು ಪಳಗಿದ ಮೇಲೆಯೇ ಮುಂದಿನ ಸಾಧನ. ಓಲೆಗರಿಯ ಮೇಲೆ ಕಬ್ಬಿಣದ ಕಂಟ, ಕಾಗದದ ಮೇಲೆ ಲೆಕ್ಕಣಿಕೆ ಇವು ಇದ್ದವಾದರೂ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿದ್ದವು ಹಲಗೆ ಮತ್ತು ಕಡತ. ಹಲಗೆಯನ್ನು ಅವರು ಇಂಗ್ಲಿಷಿನಲ್ಲಿ ಬರೆದಿರುವ ರೀತಿ ನೋಡಿದರೆ ಜನ ‘ಹಲಗಿ’ ಎಂದದ್ದನ್ನೇ ಕಿವಿಯಲ್ಲಿ ಹಿಡಿದಿದ್ದಾರೆ. ನಾವು ಈಗಲೂ ಹಾಗೇ ಅನ್ನುತ್ತೇವೆ. ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡನ್ನು ನುಣುಪಾಗಿಸಿ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಹಲಗೆ ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಡುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದದ್ದು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದು. ಮಠಗಳಲ್ಲಿ, ಅಂಗಡಿಗಳಲ್ಲಿ ಲೆಕ್ಕಪತ್ರ ಇಡುತ್ತಿದ್ದ ಕಡತವೂ ಇದೇ. ಇಂದು ಆಫೀಸಿನಲ್ಲಿ ‘ಕಡತ ಬಾಕಿ ಇದೆ’ ಎನ್ನುವಾಗ ಮಡಿಸಿದ ಆ ಕಪ್ಪು ಬಟ್ಟೆ ಯಾರ ನೆನಪಿಗೆ ಬರುತ್ತದೆ!

ಅಕ್ಷರ ಕಲಿತವನು ಕಾಗುಣಿತ, ಒತ್ತಕ್ಷರಗಳಿಗೆ ಹೋಗುತ್ತಿದ್ದ. ಆಮೇಲೆ ಮನುಷ್ಯರ ಹೆಸರು, ಊರ ಹೆಸರು, ಪ್ರಾಣಿಗಳ ಹೆಸರು, ಕಡೆಗೆ ಅಂಕಿಗಳು. ಮುಂದಿದ್ದವನು ಹಿಂದಿದ್ದವನಿಗೆ ಹೇಳಿಕೊಡಬೇಕು. ಹೇಳಿಕೊಡುತ್ತಾ ಅವನದೂ ಗಟ್ಟಿಯಾಗುತ್ತಿತ್ತು. ಖರ್ಚಿಲ್ಲದ ಈ ಪದ್ಧತಿಯನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಕ್ಯಾಂಬೆಲ್ ಮೆಚ್ಚಿದ್ದಾರೆ. ಅದೂ ನಿಜ. 1789ರಲ್ಲಿ ಮದರಾಸಿನ ಅನಾಥಾಲಯದ ಶಾಲೆಯ ಮುಖ್ಯಸ್ಥರಾದ ಆಂಡ್ರೂ ಬೆಲ್, ನಾಡಶಾಲೆಯ ಮಕ್ಕಳು ಉಸುಕಿನಲ್ಲಿ ಬರೆಯುವುದನ್ನು ಕಂಡು ತಮ್ಮ ಶಾಲೆಗೂ ಅದನ್ನು ತಂದರು. ಅಲ್ಲಿಯ ಉಪಾಧ್ಯಾಯರು ಇದು ಆಗದ ಕೆಲಸವೆಂದಾಗ, ಎಂಟು ವರ್ಷದ ಹುಡುಗನೊಬ್ಬನ ಕೈಗೆ ಚಿಕ್ಕ ಮಕ್ಕಳ ತರಗತಿಯನ್ನು ಕೊಟ್ಟರು. ಅವನು ಮಾಡಿ ತೋರಿಸಿದ! ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಜೋಸೆಫ್ ಲ್ಯಾಂಕಾಸ್ಟರರ ಶಾಲೆಗಳಲ್ಲಿ ಇಂಗ್ಲೆಂಡಿನ ಬಡ ಮಕ್ಕಳೂ ಮರಳು ಹರಡಿದ ಮೇಜಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತರು.

ಇಷ್ಟು ಓದಿದಾಗ ನನಗೆ ಹೆಮ್ಮೆಯೇ ಆಯಿತು. ಮಕ್ಕಳಿಗೆ ದಿನವೂ ಶುದ್ಧಬರಹ ಬರೆಸುತ್ತಿದ್ದ ನನ್ನನ್ನು ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಎಲ್ಲರೆದುರಿಗೆ ‘ಇದು ಹಳೇ ಕಾಲದ ಪದ್ಧತಿ’ ಎಂದು ಆಡಿಕೊಂಡಿದ್ದರು. ಅವರಿಗೆ ಕೊಡಲು ಉತ್ತರ ಸಿಕ್ಕಿತೆಂದುಕೊಂಡೆ. ಆದರೆ ವರದಿಯ ಮುಂದಿನ ಭಾಗ ನನ್ನ ಬಾಯಿ ಕಟ್ಟಿಸಿತು. ಮಕ್ಕಳು ಬರೆದು ಕಂಠಪಾಠ ಮಾಡುವ ಪುಸ್ತಕಗಳೆಲ್ಲ ಪದ್ಯದಲ್ಲಿವೆ, ಆ ಭಾಷೆ ಮನೆಯಲ್ಲಿ ಆಡುವುದೂ ಅಲ್ಲ, ವ್ಯವಹಾರದ್ದೂ ಅಲ್ಲ, ಅರ್ಥ ಗುರುಗಳಿಗೇ ಎಷ್ಟೋ ಸಲ ತಿಳಿಯದು, ಹೀಗಾಗಿ ಶಾಲೆ ಬಿಟ್ಟವನಿಗೆ ಒಂದು ಸಾಧಾರಣ ಕಾಗದ ಬರೆಯುವುದೂ ಕಷ್ಟ ಎಂಬುದು ಕ್ಯಾಂಬೆಲರ ದೂರು. ನನಗೆ ಕೂಡಲೇ ನೆನಪಾದವನು ನನ್ನ ಏಳನೆಯ ತರಗತಿಯ ಒಬ್ಬ ಹುಡುಗ. ಮುತ್ತು ಪೋಣಿಸಿದಂಥ ಅಕ್ಷರ. ಅವನ ಕಾಪಿ ಪುಸ್ತಕವನ್ನು ನಾನೇ ಎಲ್ಲರಿಗೂ ತೋರಿಸುತ್ತಿದ್ದೆ. ಒಮ್ಮೆ ‘ನಿಮ್ಮೂರ ಜಾತ್ರೆ ಬಗ್ಗೆ ಐದು ಸಾಲು ಬರಿ’ ಎಂದರೆ ಇಡೀ ಪೀರಿಯಡ್ ಖಾಲಿ ಹಾಳೆ ನೋಡುತ್ತ ಕೂತ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವನು ಅವನೇ!

ಅವನಿಗೆ ಬೈದು ಮನೆಗೆ ಬಂದ ಆ ಸಂಜೆಯ ನೆನಪು ನನ್ನನ್ನು ಅಮ್ಮನ ನೋಟ್‌ಪುಸ್ತಕಗಳ ಕಡೆಗೆ ಕರೆದೊಯ್ಯಿತು.

ಅಮ್ಮನ ತವರು ರಾಯದುರ್ಗ ತಾಲೂಕಿನ ಒಂದು ಹಳ್ಳಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಾಗ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಹಾಗಾಗಿ ಅಮ್ಮ ನಾಲ್ಕನೆಯ ತರಗತಿವರೆಗೆ ಕಲಿತದ್ದೆಲ್ಲ ತೆಲುಗು. ಮದುವೆಯಾಗಿ ಈ ಕಡೆ ಬಂದಾಗ ಕನ್ನಡ ಕಿವಿಗೆ ಪರಿಚಯ, ಕೈಗೆ ಅಪರಿಚಿತ. ಅಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತರು. ಲೆಕ್ಕ ಬರೆಯದೆ ಮಲಗಬಾರದು ಎನ್ನುವುದು ಅವರಿಗೆ ವ್ರತವಿದ್ದಂತೆ. ಮನೆಯ ಖರ್ಚನ್ನು ಅಮ್ಮನೇ ಬರೆಯಬೇಕು, ಕನ್ನಡದಲ್ಲಿಯೇ ಬರೆಯಬೇಕು ಎಂದರು.

ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರಂತೆ. ಅದೇ ತೊಡಕು. ಅಮ್ಮ ಮೊದಮೊದಲು ಕನ್ನಡ ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಇಡುತ್ತಿದ್ದಳು. ಹಾಲಿಗೆ ತೆಲುಗಿನಲ್ಲಿ ‘ಪಾಲು’ ಅಲ್ಲವೇ, ಹಾಗೆಯೇ ಬರೆದಳು: ಪಾಲು, ಎಂಟಾಣೆ. ಅಪ್ಪ ಓದಿ, ‘ಯಾರ ಪಾಲು? ಅಣ್ಣತಮ್ಮಂದಿರು ಭಾಗ ಆದ್ರೇನು?’ ಎಂದು ಕೇಳಿದರಂತೆ. ಇದನ್ನು ಹೇಳುವಾಗೆಲ್ಲ ಅಮ್ಮ ನಗುತ್ತಿದ್ದಳು. ಆದರೆ ಅಪ್ಪ ಕೆಂಪು ಗೀಟು ಎಳೆಯಲಿಲ್ಲ. ಮರುದಿನ ತಾವು ತಂದ ಸಾಮಾನಿನ ಪಟ್ಟಿಯಲ್ಲಿ ‘ಹಾಲು’ ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟರು. ಅಷ್ಟೇ.

ಆ ನೋಟ್‌ಪುಸ್ತಕಗಳು ಅಮ್ಮ ತೀರಿಹೋದ ಮೇಲೆ ನನ್ನ ಪಾಲಿಗೆ ಬಂದವು. ತಿಂಗಳುಗಟ್ಟಲೆ ಹಾಲು, ಸೀಮೆಎಣ್ಣೆ, ಜೋಳ ಬಿಟ್ಟರೆ ಬೇರೇನಿಲ್ಲ. ಒಂದು ವರ್ಷ ದಾಟಿದ ಮೇಲೆ ಒಂದು ಪುಟದ ತಳದಲ್ಲಿ ಮೊದಲ ಸಲ ಲೆಕ್ಕಕ್ಕೆ ಸೇರದ ಒಂದು ಸಾಲಿದೆ: ‘ಮಳೆ ಬಂತು. ಹಾಲಿನವನು ಬರಲಿಲ್ಲ. ಊರಿಂದ ಕಾಗದ ಇಲ್ಲ.’ ಆಮೇಲೆ ಅಂಥ ಸಾಲುಗಳು ಹೆಚ್ಚುತ್ತಾ ಹೋಗುತ್ತವೆ. ಬೆರಳು ಪಳಗದೆ ಆ ಸಾಲು ಬರುತ್ತಿರಲಿಲ್ಲ ಎಂಬುದು ಎಷ್ಟು ನಿಜವೋ, ಹೇಳುವ ಮಾತು ಅವಳದೇ ಆಗಿರದಿದ್ದರೆ ಬೆರಳು ಎಷ್ಟು ಪಳಗಿದರೂ ಬರುತ್ತಿರಲಿಲ್ಲ ಎಂಬುದೂ ನನಗೆ ಅಷ್ಟೇ ನಿಜವಾಗಿ ತೋರಿತು.

ಶುದ್ಧಬರಹವನ್ನು ನಾನು ಬಿಡಲಿಲ್ಲ. ಅರ್ಧ ಪುಟಕ್ಕೆ ಇಳಿಸಿದೆ. ಉಳಿದರ್ಧದಲ್ಲಿ ತಮ್ಮದೇ ಒಂದು ಸಾಲು, ದಿನಕ್ಕೊಂದು. ತಪ್ಪಿದ್ದರೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸರಿಯಾದದ್ದನ್ನು ನಾನು ಬರೆಯುತ್ತೇನೆ, ಗೀಟು ಎಳೆಯುವುದಿಲ್ಲ. ಹತ್ತು ಸಲ ಬರಿ ಎಂದು ಶಿಕ್ಷೆ ಕೊಡುವುದನ್ನು ನಿಲ್ಲಿಸಿದ್ದೇನೆ. ಮೊದಲು ಹಾಗೆ ಬರೆಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ, ಮತ್ತೆ ತೆರೆದಾಗ ನಾಲ್ಕನೆಯ ತರಗತಿಯ ಮಕ್ಕಳ ಕೈಗಳು ಒಂದನೆಯ ತರಗತಿಗೆ ಮರಳಿದ್ದವು. ಆಗ ಶಾಲೆಯ ಹಿಂದೆ ಕಟ್ಟಡಕ್ಕೆಂದು ತಂದು ಸುರಿದಿದ್ದ ಉಸುಕಿನ ಮೇಲೆಯೇ ಬೆರಳಲ್ಲಿ ಬರೆಸಿದ್ದೂ ಉಂಟು.

ನಮ್ಮ ಶಾಲೆಗೆ ತಾಂಡಾದಿಂದ ಬರುವ ಒಬ್ಬ ಹುಡುಗಿ ಇದ್ದಾಳೆ. ಮನೆಮಾತು ಲಂಬಾಣಿ. ಕಳೆದ ಸುಗ್ಗಿಯಲ್ಲಿ ಅಪ್ಪ ಅಮ್ಮ ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೋಗುವಾಗ ತಮ್ಮನನ್ನು ನೋಡಿಕೊಳ್ಳಲೆಂದು ಅವಳನ್ನೂ ಕರೆದೊಯ್ದರು. ಎಷ್ಟು ಹೇಳಿದರೂ ಕೇಳಲಿಲ್ಲ. ಕೈಗೊಂದು ನೋಟ್‌ಪುಸ್ತಕ ಕೊಟ್ಟು, ‘ದಿನಕ್ಕೊಂದು ಸಾಲವ್ವ’ ಎಂದು ಕಳಿಸಿದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಮೂರು ತಿಂಗಳು ಗೈರು. ತಿರುಗಿ ಬರುತ್ತಾಳೆಂಬ ನಂಬಿಕೆ ನನಗೂ ಇರಲಿಲ್ಲ.

ಬಂದಳು. ಪುಸ್ತಕದ ರಟ್ಟು ಹರಿದಿತ್ತು, ಹಾಳೆಗಳಿಗೆ ಕಬ್ಬಿನ ಮಸಿ ಹತ್ತಿತ್ತು. ದಿನವೂ ಬರೆದಿರಲಿಲ್ಲ, ಆದರೂ ಸಾಲುಗಳಿದ್ದವು. ‘ಇವತ್ತು ಲಾರಿ ಬರಲಿಲ್ಲ.’ ‘ತಮ್ಮನಿಗೆ ಜ್ವರ.’ ಅಲ್ಲಿಯ ಜನರ ಮಾತು ಕೇಳಿ ಕೇಳಿ ಅವಳ ಬರಹಕ್ಕೂ ಅದು ಇಳಿದಿತ್ತು. ಕೊನೆಯ ಪುಟದಲ್ಲಿ ಹೀಗಿತ್ತು: ‘ಗೌಡರ ಅಜ್ಜಿ ತಮ್ಮನಿಗೆ ಆಲು ಕೊಟ್ಟಳು.’

ನಾನು ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲಿ ‘ಹಾಲು’ ಎಂದು ಬರೆದೆ. ಅವಳು ಬಗ್ಗಿ ನೋಡಿ, ‘ಅಲ್ಲಿ ಎಲ್ಲಾರೂ ಆಲೇ ಅಂತಾರ್ರೀ ಟೀಚರ್’ ಎಂದಳು.