ರೈಲು ಹೋದ ಮೇಲೆ ಹೇಳು

ನ್ಯೂಯಾರ್ಕಿಗೆ ಬಂದ ಹೊಸದರಲ್ಲಿ ನಾವು ಮನೆ ಹುಡುಕಿದ್ದು ಬಾಡಿಗೆ ನೋಡಿಕೊಂಡು. ಮ್ಯಾನ್‌ಹಟನ್ನಿನ ಉತ್ತರದ ತುದಿಯಲ್ಲಿ ಇನ್‌ವುಡ್ ಅನ್ನೋ ಬಡಾವಣೆ. ದೊಡ್ಡ ಪಾರ್ಕು, ಹತ್ತಿರದಲ್ಲೇ ಸ್ಕೂಲು, ನಮ್ಮ ಸಂಬಳಕ್ಕೆ ಎಟುಕುವ ಮನೆ. ಬ್ರೋಕರ್ ಮೂರೇ ನಿಮಿಷದಲ್ಲಿ ಎಲ್ಲ ಕೋಣೆ ತೋರಿಸಿ ಬಾಗಿಲು ಹಾಕಿದ. ಯಾಕಿಷ್ಟು ಅವಸರ ಅಂತ ಅವತ್ತು ಹೊಳೆಯಲಿಲ್ಲ. ಸಾಮಾನು ಇಳಿಸಿದ ರಾತ್ರಿ ಹೊಳೆಯಿತು. ಹೆಚ್ಚಿನ ದಾರಿ ನೆಲದಡಿಯಲ್ಲೇ ಓಡುವ ಒಂದನೇ ನಂಬರಿನ ರೈಲು ನಮ್ಮ ಬಡಾವಣೆಗೆ ಬರುವ ಹೊತ್ತಿಗೆ ಮೇಲಕ್ಕೆ ಹತ್ತಿ, ಕಬ್ಬಿಣದ ಕಂಬಗಳ ಮೇಲೆ ಓಡುತ್ತೆ. ನಮ್ಮ ಹಾಲ್‌ನ ಕಿಟಕಿಗೂ ಹಳಿಗೂ ನಡುವೆ ಒಂದು ರಸ್ತೆಯಷ್ಟೇ ಅಂತರ. ಈ ಊರಲ್ಲಿ ರೈಲಿಗೆ ರಾತ್ರಿ ಅಂತ ಇಲ್ಲ, ಇಪ್ಪತ್ನಾಲ್ಕು ಗಂಟೆಯೂ ಓಡುತ್ತೆ.

ಮೊದಲ ವಾರ ನಿದ್ದೆ ಬರಲಿಲ್ಲ. ಎರಡನೇ ವಾರ ಸ್ವಲ್ಪ ಬಂತು. ತಿಂಗಳು ಕಳೆಯೋದರೊಳಗೆ ನಾನು ಆಫೀಸಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ: 'ಯಶವಂತಪುರದಲ್ಲಿ ಬೆಳೆದವನು ಕಣ್ರೀ ನಾನು, ಲಾರಿ ಹಾರ್ನು, ಗೂಡ್ಸ್ ಗಾಡಿ ಎಲ್ಲ ಕೇಳಿಕೊಂಡೇ ಪರೀಕ್ಷೆಗೆ ಓದಿದವನು. ಇದೇನು ಮಹಾ!' ಆದರೆ ಬೆಂಗಳೂರಿಂದ ಅಮ್ಮ ಫೋನಿನಲ್ಲಿ ಕೇಳಿದರು, 'ಯಾಕೋ ಹಂಗೆ ಕಿರುಚ್ತೀಯ? ನನ್ನ ಕಿವಿ ಚೆನ್ನಾಗೇ ಇದೆ.' ನಾನು ಕಿರುಚುತ್ತಿರೋದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ಮಾತು ಕೂಡ ರೂಢಿಯಾಗಿಬಿಟ್ಟಿತ್ತು: 'ರೈಲು ಹೋದ ಮೇಲೆ ಹೇಳು.' ನಾನು, ಹೆಂಡತಿ, ಏಳು ವರ್ಷದ ಮಗಳು, ಮೂವರೂ ಅರ್ಧ ವಾಕ್ಯಕ್ಕೆ ನಿಲ್ಲಿಸಿ, ರೈಲು ದಾಟಿದ ಮೇಲೆ ಉಳಿದರ್ಧ ಮುಗಿಸುತ್ತಿದ್ದೆವು.

ಈ ಹಳಿ ಯಾವ ಕಾಲದ್ದು ಅಂತ ಒಂದು ಭಾನುವಾರ ಹುಡುಕಲು ಕೂತೆ. ನಮ್ಮ ಬಡಾವಣೆಗೆ ರೈಲು ಬಂದಿದ್ದು 1906ರಲ್ಲಿ. ತಮಾಷೆ ನೋಡಿ, ಅದೇ ವರ್ಷ, ಇಲ್ಲಿಂದ ದಕ್ಷಿಣಕ್ಕೆ ಅದೇ ಹಡ್ಸನ್ ನದಿಯ ದಂಡೆಯ ಮೇಲಿದ್ದ ಒಬ್ಬ ಹೆಂಗಸು ಸದ್ದಿನ ಮೇಲೆ ಯುದ್ಧ ಸಾರಿದ್ದಳು. ಹೆಸರು ಜೂಲಿಯಾ ಬಾರ್ನೆಟ್ ರೈಸ್. ವೈದ್ಯಕೀಯ ಓದಿದವಳು, ಆರು ಮಕ್ಕಳ ತಾಯಿ, ಗಂಡ ಭಾರಿ ಶ್ರೀಮಂತ. ರಿವರ್‌ಸೈಡ್ ಡ್ರೈವ್‌ನಲ್ಲಿ ಅವರದು ಅರಮನೆಯಂಥ ಮನೆ. ಅದರೆದುರಿಗೆ ನದಿಯಲ್ಲಿ ಟಗ್ ದೋಣಿಗಳು ರಾತ್ರಿಯಿಡೀ ಸೀಟಿ ಹೊಡೆಯುತ್ತಿದ್ದವು. ಅಪಾಯದ ಸೂಚನೆಗೆ ಹೊಡೆದಿದ್ದರೆ ಬೇರೆ ಮಾತು. ದಡದಲ್ಲಿ ಮಲಗಿದ್ದ ಜೊತೆಗಾರನನ್ನು ಎಬ್ಬಿಸೋಕೆ, ಎದುರು ಬಂದ ದೋಣಿಯವನಿಗೆ ನಮಸ್ಕಾರ ಹೇಳೋಕೆ, ಎಲ್ಲಕ್ಕೂ ಸೀಟಿಯೇ.

ರೈಸ್ ಬರೀ ಗೊಣಗಿಕೊಂಡು ಕೂರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು, ನದಿ ದಂಡೆಯಲ್ಲಿ ಕೂರಿಸಿ, ಸೀಟಿಗಳನ್ನು ಎಣಿಸಿದಳು. ಒಂದೇ ರಾತ್ರಿಯಲ್ಲಿ ಸುಮಾರು 3,000! ಆಸ್ಪತ್ರೆಗಳಿಗೆ ಹೋಗಿ ರೋಗಿಗಳು ಹೇಗೆ ನರಳುತ್ತಿದ್ದಾರೆ ಅನ್ನೋದಕ್ಕೆ ಸಾಕ್ಷಿ ಕೂಡಿಸಿದಳು. ಪೊಲೀಸರು, ಆರೋಗ್ಯ ಇಲಾಖೆ, ಬಂದರಿನವರು, ಯಾರನ್ನು ಕೇಳಿದರೂ 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಅನ್ನುವ ಉತ್ತರವೇ. (ಸರ್ಕಾರಿ ಕಚೇರಿಗಳು ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಒಂದೇ ಅಂತ ನಿಮಗೂ ಅನಿಸಿರಬೇಕು.) ಕೊನೆಗೆ ವಾಷಿಂಗ್ಟನ್‌ವರೆಗೆ ಹೋದಳು. ಸುಮ್ಮಸುಮ್ಮನೆ ಸೀಟಿ ಹೊಡೆಯುವುದಕ್ಕೆ ಕಡಿವಾಣ ಹಾಕುವ ಕಾನೂನು 1907ರಲ್ಲಿ ಬಂತು. ಈ ನಡುವೆ ಆಕೆ ಅನಗತ್ಯ ಸದ್ದು ಅಡಗಿಸುವ ಸಂಘವೊಂದನ್ನೂ ಕಟ್ಟಿದ್ದಳು. ಆ ಸಂಘದ ಒತ್ತಾಯದಿಂದ ನಗರದಲ್ಲಿ ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯಗಳು ಬಂದವು. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳಲ್ಲೂ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತಿದೆ. ಬೋರ್ಡನ್ನು ನಾವೆಲ್ಲ ನೋಡಿದ್ದೇವೆ, ಅದರ ಕೆಳಗೇ ನಿಂತು ಹಾರ್ನೂ ಹೊಡೆದಿದ್ದೇವೆ.

ಆಮೇಲೆ ಸದ್ದನ್ನು ಅಳೆಯುವ ಕಾಲ ಬಂತು. 1929ರಲ್ಲಿ ನಗರ ಒಂದು ಶಬ್ದ ನಿವಾರಣಾ ಆಯೋಗ ನೇಮಿಸಿತು. ಡೆಸಿಬೆಲ್ ಆಗಿನ್ನೂ ಹೊಸ ಅಳತೆ. ಲಾರಿಯೊಂದರಲ್ಲಿ ಮಾಪಕಗಳನ್ನು ಹೇರಿಕೊಂಡು ಆಯೋಗದವರು ಬೀದಿಬೀದಿ ತಿರುಗಿ ಅಳೆದರು. ಪತ್ರಿಕೆಗಳಲ್ಲಿ ಪ್ರಶ್ನಾವಳಿ ಹಾಕಿದಾಗ 11,000ಕ್ಕೂ ಹೆಚ್ಚು ಜನ ಉತ್ತರಿಸಿದರು. ದೂರಿನ ಪಟ್ಟಿಯಲ್ಲಿ ವಾಹನಗಳ ಸದ್ದಿಗೆ ಮೊದಲ ಸ್ಥಾನ. 1935ರಲ್ಲಿ ಮೇಯರ್ ಲಗಾರ್ಡಿಯಾ ಸದ್ದಿಲ್ಲದ ರಾತ್ರಿಗಳ ಆಂದೋಲನ ಶುರು ಮಾಡಿದ. ಆದರೆ ಇಂಥ ಆಂದೋಲನಗಳಲ್ಲಿ ಲಾಠಿ ಮೊದಲು ತಾಕುವುದು ಕೂಗಿ ಮಾರುವ ತಳ್ಳುಗಾಡಿಯವನ ಬೆನ್ನಿಗೆ. ರೈಲಿಗೆ ಬೆನ್ನಿಲ್ಲ. ಅದು ಎಲ್ಲರಿಗೂ ಬೇಕು, ಅದನ್ನು ಬೈಯುವವರೂ ಬೆಳಗ್ಗೆ ಅದರಲ್ಲೇ ಆಫೀಸಿಗೆ ಹೋಗಬೇಕು. ಹಾಗಾಗಿ ಹಳಿಯ ಪಕ್ಕದವರಿಗೆ ಎಲ್ಲರೂ ಹೇಳುತ್ತಾ ಬಂದಿದ್ದು ಒಂದೇ ಮಾತು: ಅಭ್ಯಾಸ ಆಗುತ್ತೆ ಬಿಡಿ.

ಆ ಮಾತನ್ನು ಪರೀಕ್ಷೆಗೆ ಒಡ್ಡಿದ ಜಾಗ ನಮ್ಮ ಮನೆಯ ಹತ್ತಿರವೇ ಇದೆ. ಪಬ್ಲಿಕ್ ಸ್ಕೂಲ್ ನಂಬರ್ 98. ಎಪ್ಪತ್ತರ ದಶಕದಲ್ಲಿ ಅದರ ಒಂದು ಮಗ್ಗುಲಿನ ತರಗತಿಗಳು ನೇರವಾಗಿ ಹಳಿಯ ಕಡೆಗಿದ್ದವು, ಇನ್ನೊಂದು ಮಗ್ಗುಲಿನವು ಹಿಂದಕ್ಕೆ. ಆರ್ಲೀನ್ ಬ್ರಾನ್‌ಝಾಫ್ಟ್ ಅನ್ನುವ ಮನಶ್ಶಾಸ್ತ್ರದ ಪ್ರಾಧ್ಯಾಪಕಿಗೆ ಅವರ ವಿದ್ಯಾರ್ಥಿನಿಯೊಬ್ಬಳು ತನ್ನ ಮಗುವಿನ ಶಾಲೆಯ ಕಥೆ ಹೇಳಿದಳು: ರೈಲಿನ ಸದ್ದಿಗೆ ಮಕ್ಕಳಿಗೆ ಪಾಠವೇ ಕೇಳಿಸಲ್ಲ, ತಂದೆತಾಯಿಗಳು ಕೋರ್ಟಿಗೆ ಹೋಗೋಣ ಅಂತಿದ್ದಾರೆ. ಕೋರ್ಟಿಗೆ ಸಾಕ್ಷಿ ಬೇಕಲ್ಲ? ಬ್ರಾನ್‌ಝಾಫ್ಟ್ ಆ ಶಾಲೆಯ ಎರಡೂ ಮಗ್ಗುಲಿನ ಮಕ್ಕಳ ಓದಿನ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

ನಾಲ್ಕೂವರೆ ನಿಮಿಷಕ್ಕೊಂದು ರೈಲು. ಅದು ಹೋಗುವಾಗ ತರಗತಿಯಲ್ಲಿ 89 ಡೆಸಿಬೆಲ್. ಟೀಚರ್ ಮಾತು ನಿಲ್ಲಿಸಬೇಕು ಇಲ್ಲವೇ ಕೂಗಬೇಕು. ಪಾಠದ ಸಮಯದಲ್ಲಿ ಶೇಕಡಾ 11ರಷ್ಟು ಹೀಗೇ ಹೋಗುತ್ತಿತ್ತು. 1975ರಲ್ಲಿ ಪ್ರಕಟವಾದ ಫಲಿತಾಂಶ: ಆರನೇ ತರಗತಿಗೆ ಬರುವ ಹೊತ್ತಿಗೆ ಹಳಿಯ ಮಗ್ಗುಲಿನ ಮಕ್ಕಳು ಓದಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹಿಂದೆ. ಒಂದೇ ಶಾಲೆ, ಒಂದೇ ಬಡಾವಣೆಯ ಮಕ್ಕಳು. ವ್ಯತ್ಯಾಸ ಕಾರಿಡಾರಿನ ಯಾವ ಕಡೆ ಕೂತರು ಅನ್ನೋದಷ್ಟೇ.

ಇದಕ್ಕೆ ಎರಡು ವರ್ಷ ಮೊದಲು ಇನ್ನೊಂದು ಅಧ್ಯಯನ ಬಂದಿತ್ತು. ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಹೋಗುವ ಹೆದ್ದಾರಿಯ ನೆತ್ತಿಯ ಮೇಲೇ 32 ಮಹಡಿಯ ನಾಲ್ಕು ಕಟ್ಟಡಗಳಿವೆ. ಅಲ್ಲಿ ಕೆಳಗಿನ ಮಹಡಿಗಳಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಮಕ್ಕಳಿಗೆ ಹತ್ತಿರದ ಎರಡು ಉಚ್ಚಾರಣೆಗಳ ನಡುವಿನ ವ್ಯತ್ಯಾಸ ಹಿಡಿಯೋದು ಕಷ್ಟವಾಗುತ್ತಿತ್ತು. ಸಂಶೋಧಕರು ಕೊಟ್ಟ ವಿವರಣೆ ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಕ್ಕಳು ಸದ್ದಿಗೆ ಹೊಂದಿಕೊಳ್ಳುತ್ತವೆ, ನಿಜ. ಆದರೆ ಸದ್ದನ್ನು ಹೊರಗಿಡಲು ಕಲಿಯುವಾಗ ಅದರ ಜೊತೆಗೆ ಮಾತನ್ನೂ ಹೊರಗಿಟ್ಟುಬಿಡುತ್ತವೆ.

ಯಾಕಂದರೆ ನನ್ನ ಮಗಳು ಪ್ರತಿ ಶನಿವಾರ ಹಾಲ್‌ನಲ್ಲಿ, ಅದೇ ಕಿಟಕಿಯ ಕೆಳಗೆ ಕೂತು, ನನಗೆ ಕನ್ನಡ ಓದಿ ತೋರಿಸುತ್ತಾಳೆ. 'ಹಳ್ಳಿ' ಅನ್ನೋದು ಅವಳ ಬಾಯಲ್ಲಿ 'ಹಲ್ಲಿ.' 'ಅಪ್ಪಾ, ತಾತನ ಹಲ್ಲಿಗೆ ಯಾವಾಗ ಹೋಗೋದು?' ಅಂತ ಕೇಳಿದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅಮೆರಿಕದ ನಾಲಿಗೆ ಅಂತ ಅಮ್ಮನಿಗೂ ಹೇಳಿ ನಗಿಸಿದ್ದೆ. ಅದು ನಾಲಿಗೆಯ ತೊಂದರೆಯೋ, ಕಿವಿಯದೋ? ಇಲ್ಲಿ ಬೆಳೆಯುವ ಎಷ್ಟೋ ಕನ್ನಡದ ಮಕ್ಕಳಿಗೆ 'ಳ' ಹೊರಳಲ್ಲ, ಅವರ ಮನೆ ಮುಂದೆ ಯಾವ ರೈಲೂ ಇಲ್ಲ. ಹಾಗಾಗಿ ಅಪರಾಧವನ್ನೆಲ್ಲ ರೈಲಿನ ತಲೆಗೆ ಕಟ್ಟಲಾರೆ. ಆದರೆ ಮುಂದಿನ ಶನಿವಾರ ಗಮನ ಇಟ್ಟು ನೋಡಿದೆ. ರೈಲು ಬಂದಾಗ ಅವಳು ಓದು ನಿಲ್ಲಿಸುತ್ತಾಳೆ, ರೈಲು ಹೋದ ಮೇಲೆ ಶುರು ಮಾಡುತ್ತಾಳೆ. ಶುರು ಮಾಡುವಾಗ ಎಷ್ಟೋ ಸಲ ಒಂದು ಸಾಲು ಹಾರಿಸಿರುತ್ತಾಳೆ. ಅದು ಅವಳಿಗೂ ಗೊತ್ತಿಲ್ಲ. ಇಷ್ಟು ದಿನ ಎದುರೇ ಕೂತಿದ್ದ ನನಗೂ ಗೊತ್ತಿರಲಿಲ್ಲ.

ಆ ಶಾಲೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ ಅನ್ನೋದು ಸಮಾಧಾನ. ಅಂಕಿಅಂಶ ಕೈಗೆ ಬಂದ ಮೇಲೆ ಅಧಿಕಾರಿಗಳು ತಳ್ಳಿಹಾಕುವಂತಿರಲಿಲ್ಲ. ರೈಲಿನವರು ಹಳಿಯ ಕೆಳಗೆ ರಬ್ಬರ್ ಪಟ್ಟಿ ಕೂರಿಸಿದರು. ಶಿಕ್ಷಣ ಮಂಡಳಿ ಗದ್ದಲದ ತರಗತಿಗಳ ಸೂರಿಗೆ ಸದ್ದು ಹೀರುವ ಹಲಗೆ ಹಾಕಿಸಿತು. ಬ್ರಾನ್‌ಝಾಫ್ಟ್ ಮತ್ತೆ ಹೋಗಿ ಅಂಕ ನೋಡಿದರು. 1981ರ ವರದಿಯಲ್ಲಿ ಎರಡೂ ಮಗ್ಗುಲಿನ ಮಕ್ಕಳು ಸರಿಸಮ. ಮಕ್ಕಳಲ್ಲಿ ಕೊರತೆ ಇರಲೇ ಇಲ್ಲ.

ಬೆಂಗಳೂರಿನಲ್ಲಿ ಮೆಟ್ರೋ ಮಗ್ಗುಲಿನ ಫ್ಲಾಟಿನಲ್ಲೋ, ರಿಂಗ್ ರೋಡ್ ಮೇಲಿನ ಮನೆಯಲ್ಲೋ ಕೂತು ನೀವಿದನ್ನು ಓದುತ್ತಿರಬಹುದು. ನಿಮಗೂ ಅಭ್ಯಾಸ ಆಗಿರುತ್ತೆ. ಮನೆ ಬದಲಾಯಿಸಿ ಅಂತ ನಾನು ಹೇಳಲ್ಲ, ನಾವೂ ಬದಲಾಯಿಸಿಲ್ಲ, ಬಾಡಿಗೆಯ ಲೆಕ್ಕ ಇನ್ನೂ ಹಾಗೇ ಇದೆ. ನಾವು ಮಾಡಿದ್ದು ಇಷ್ಟೇ: ಹಿಂದುಗಡೆಯ ಕೋಣೆ ನನ್ನ ಆಫೀಸ್ ಆಗಿತ್ತು, ಅದನ್ನು ಮಗಳಿಗೆ ಬಿಟ್ಟುಕೊಟ್ಟೆ. ನನ್ನ ಮೇಜು ಕಿಟಕಿಯ ಹತ್ತಿರ ಬಂತು. ಮೀಟಿಂಗುಗಳಲ್ಲಿ ಈಗ ನಾನೇ 'ಒಂದು ನಿಮಿಷ, ರೈಲು ಹೋಗಲಿ' ಅನ್ನುತ್ತೇನೆ.

ಮೊನ್ನೆ ಶನಿವಾರ ಹಿಂದಿನ ಕೋಣೆಯಲ್ಲಿ ಅವಳು ಒಂದು ಪುಟ ಪೂರ್ತಿ ಓದಿದಳು. ಒಂದು ಸಾಲೂ ಹಾರಿಸಲಿಲ್ಲ. ಹಳ್ಳಿ ಮಾತ್ರ ಇನ್ನೂ ಹಲ್ಲಿಯೇ. ಈ ಸಲ ನಾನು ನಗದೆ, ನಿಧಾನಕ್ಕೆ ಇನ್ನೊಂದು ಸಲ ಹೇಳಿಕೊಟ್ಟೆ.