ಮರಳಿನ ಮೇಲೆ ಮಗ್ಗಿ, ಕೈಯಲ್ಲಿ ಕನ್ನಡಿ: ಪಿಯೆತ್ರೊ ಕಂಡ ಇಕ್ಕೇರಿ

ಇವತ್ತು 1623ನೇ ಇಸವಿಗೆ ಹೋಗೋಣ. ಡಿಸೆಂಬರ್ ತಿಂಗಳು, ಮಂಗಳೂರಿನ ಹತ್ತಿರದ ಒಂದು ಊರು. ಹೊಲಕ್ಕೆ ತೋಡಿಸುತ್ತಿದ್ದ ಕಾಲುವೆ ನೋಡೋಕೆ ಒಬ್ಬ ಹೆಂಗಸು ನಡ್ಕೊಂಡು ಹೊರಟಿದ್ದಾಳೆ. ಬರಿಗಾಲು, ಮೈಮೇಲೆ ಸಾದಾ ಹತ್ತಿ ಬಟ್ಟೆ. ಮುಂದೆ ಕೆಲವು ಸೈನಿಕರು, ತಲೆ ಮೇಲೆ ಒಂದು ಕೊಡೆ. ಆಕೆ ಉಳ್ಳಾಲದ ರಾಣಿ. ಅಬ್ಬಕ್ಕ ಅಂತ ಹೆಚ್ಚಿನವರು ಗುರುತಿಸೋದು ಇವಳನ್ನೇ.

ಎದುರಿಗೆ ಸಿಕ್ಕ ಒಬ್ಬ ಬಿಳಿಯನನ್ನು ರಾಣಿ ನಿಲ್ಲಿಸಿ ಮಾತಾಡಿಸುತ್ತಾಳೆ. ಯಾವ್ಯಾವ ದೇಶ ನೋಡಿದೆ, ನಮ್ಮ ಕಾಡಲ್ಲಿ ನಿನಗೇನು ಕೆಲಸ ಅಂತೆಲ್ಲ ಕೇಳುತ್ತಾಳೆ. ಅವನು ಆಮೇಲೆ ಪತ್ರದಲ್ಲಿ ಬರೆದ: ನೋಡೋಕೆ ಅಡುಗೆಮನೆ ಕೆಲಸದವಳ ಥರ ಇದ್ದಳು, ಆದರೆ ಬಾಯಿ ಬಿಟ್ಟರೆ ರಾಣಿ ಅಂತ ಗೊತ್ತಾಗ್ತಿತ್ತು. ಮೊದಲ ಅರ್ಧಕ್ಕೆ ಸಿಟ್ಟು ಬರುತ್ತೆ, ನಿಜ. ಆದರೆ ಬರಿಗಾಲಲ್ಲಿ ಕಾಲುವೆ ಕೆಲಸ ನೋಡೋಕೆ ಹೊರಟ ರಾಣಿಯನ್ನ ನಮಗೆ ಉಳಿಸಿಕೊಟ್ಟಿದ್ದು ಈ ಮನುಷ್ಯನ ಪತ್ರವೇ.

ಯಾರಿವನು? ಪಿಯೆತ್ರೊ ದೆಲ್ಲ ವಾಲ್ಲೆ. 1586ರಲ್ಲಿ ರೋಮ್‌ನಲ್ಲಿ ಹುಟ್ಟಿದವನು, ಶ್ರೀಮಂತರ ಮನೆ ಹುಡುಗ. ಸುಮಾರು ಹನ್ನೆರಡು ವರ್ಷ ಪ್ರೀತಿಸಿದ ಹುಡುಗಿ ಬೇರೆಯವರನ್ನ ಮದುವೆ ಆದಳು. ನೇಪಲ್ಸ್‌ನಲ್ಲಿದ್ದ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊ ಸುಮ್ಮನೆ ಕೊರಗಬೇಡ, ಪೂರ್ವದ ಕಡೆ ಹೋಗು, ನೋಡಿದ್ದನ್ನೆಲ್ಲ ನನಗೆ ಬರೆ ಅಂದ. ಬ್ರೇಕಪ್ ಆದಮೇಲೆ ಟ್ರಿಪ್ ಹೋಗೋದು ನಮ್ಮ ಕಾಲದ ಐಡಿಯಾ ಏನಲ್ಲ ಬಿಡಿ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದವನು ವಾಪಸ್ ರೋಮ್ ಮುಟ್ಟಿದ್ದು 1626ರಲ್ಲಿ.

ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್, ಬಾಗ್ದಾದ್, ಇಸ್ಫಹಾನ್ ಎಲ್ಲ ಆಯ್ತು. ಈಜಿಪ್ಟಿನಲ್ಲಿ ಅವನು ಕೊಂಡ ಎರಡು ಮಮ್ಮಿಗಳು ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿವೆ. ಇರಾನಿನ ಪರ್ಸೆಪೊಲಿಸ್‌ನಲ್ಲಿ ಕಲ್ಲಿನ ಮೇಲಿದ್ದ ಬೆಣೆಯಾಕಾರದ ಅಕ್ಷರಗಳಲ್ಲಿ ಐದನ್ನ ನಕಲು ಮಾಡಿಕೊಂಡ. ಒಂದಕ್ಷರವೂ ಓದೋಕೆ ಬರದಿದ್ದರೂ, ಇದನ್ನ ಎಡದಿಂದ ಬಲಕ್ಕೆ ಬರೆದಿರಬೇಕು ಅಂತ ಊಹಿಸಿದ. ಊಹೆ ಸರಿಯಾಗಿತ್ತು.

ಬಾಗ್ದಾದ್‌ನಲ್ಲಿ ಮಾನಿ ಅನ್ನೋ ಕ್ರೈಸ್ತ ಹುಡುಗಿಯನ್ನ ಮದುವೆಯಾದ. ಐದು ವರ್ಷ ಅವಳೂ ಜೊತೆಗೆ ತಿರುಗಿದಳು. 1621ರ ಡಿಸೆಂಬರ್ ಕೊನೆಗೆ ಹೊರ್ಮುಜ್ ಹತ್ತಿರದ ಮಿನಾಬ್‌ನಲ್ಲಿ ಜ್ವರ ಬಂದು ತೀರಿಕೊಂಡಳು. ಪಿಯೆತ್ರೊ ಅವಳನ್ನ ಅಲ್ಲಿ ಹೂಳಲಿಲ್ಲ. ದೇಹ ಕೆಡದಂತೆ ಕರ್ಪೂರ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೂ ಸುಂಕದವರಿಗೂ ಗೊತ್ತಾಗದಂತೆ ಸಾಮಾನಿನ ಮಧ್ಯೆ ಬಚ್ಚಿಟ್ಟುಕೊಂಡು ಮುಂದೆ ಹೊರಟ. 1623ರಲ್ಲಿ ಸೂರತ್‌ಗೆ ಬಂದಿಳಿದದ್ದು ಈ ಮನುಷ್ಯ. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗೋವಾದ ಪೋರ್ಚುಗೀಸರಿಗೆ ಮೆಣಸು ಬೇಕಿತ್ತು. ಮೆಣಸು ಇದ್ದದ್ದು ಕೆಳದಿಯ ವೆಂಕಟಪ್ಪ ನಾಯಕನ ರಾಜ್ಯದಲ್ಲಿ. ಹಾಗಾಗಿ ಅವನ ರಾಜಧಾನಿ ಇಕ್ಕೇರಿಗೆ, ಅಂದ್ರೆ ಇವತ್ತಿನ ಸಾಗರದ ಪಕ್ಕದ ಊರಿಗೆ, ಒಬ್ಬ ರಾಯಭಾರಿ ಹೊರಟ. ಪಿಯೆತ್ರೊ ಜೊತೆಗೆ ಸೇರಿಕೊಂಡ. ಸಂಧಾನ, ದರಬಾರು, ಉಡುಗೊರೆ ಎಲ್ಲ ಪತ್ರದಲ್ಲಿದೆ, ನಾನು ಹಾರಿಸ್ತೀನಿ.

ಗೇರುಸೊಪ್ಪೆ ಕಡೆಯಿಂದ ಘಟ್ಟ ಹತ್ತಿದ್ದಾರೆ. ಸಾಮಾನು ಹೊರೆ ಕಟ್ಟೋದು ತಡವಾಗ್ತಿದೆ. ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲೀತಾ ಕೂತಿದ್ದಾರೆ. ನೆಲಕ್ಕೆ ನುಣ್ಣನೆ ಮರಳು ಹರಡಿದೆ. ಒಬ್ಬ ರಾಗವಾಗಿ ನಮ್ಮ ‘ಒಂದೊಂದ್ಲ ಒಂದು’ ಥರದ್ದೇನೋ ಹೇಳ್ತಾ ಬೆರಳಲ್ಲಿ ಬರೀತಾನೆ. ಉಳಿದ ಮೂವರು ಅದನ್ನೇ ಹಾಡಿ, ಅದನ್ನೇ ಬರೀತಾರೆ. ಜಾಗ ತುಂಬಿದರೆ ಅಳಿಸಿ ಹೊಸ ಮರಳು ಹಾಕ್ತಾರೆ. ಮೇಷ್ಟ್ರು ಇಲ್ಲ. ಪಿಯೆತ್ರೊಗೆ ಕುತೂಹಲ: ತಪ್ಪಿದರೆ ತಿದ್ದೋರು ಯಾರು? ಹುಡುಗರ ಉತ್ತರ ಏನು ಗೊತ್ತಾ? ನಾಲ್ಕೂ ಜನ ಒಂದೇ ಜಾಗದಲ್ಲಿ ತಪ್ಪೋಕೆ ಸಾಧ್ಯನೇ ಇಲ್ಲ.

ಬಿಕಾಂನಲ್ಲಿ ಆಡಿಟಿಂಗ್ ಅಂತ ನನಗೊಂದು ಇಡೀ ಪೇಪರ್ ಇತ್ತು. ಅದರ ಸಾರ ಈ ಒಂದು ಸಾಲಲ್ಲಿದೆ.

ಇಕ್ಕೇರಿಯಲ್ಲಿ ರಾತ್ರಿ ಹೊತ್ತು ಹುಡುಗಿಯರು ಬಣ್ಣದ ಕೋಲು ಹಿಡಿದು ಬೀದಿಯಲ್ಲಿ ಕುಣಿಯೋದನ್ನ ನೋಡಿದ. ಪ್ರತಿ ಚರಣದ ಕೊನೆಗೆ ‘ಕೋಲೆ’ ಅಂತಾರೆ ಅಂತ ಬರೆದುಕೊಂಡ. ನಾನೂರು ವರ್ಷದ ಹಿಂದಿನ ಇಟಾಲಿಯನ್ ಕಾಗದದಲ್ಲಿ ನಮ್ಮ ಕೋಲಾಟ!

ಅದೇ ಬೀದಿಯಲ್ಲಿ ಒಂದು ಸಂಜೆ ತಮಟೆ ಸದ್ದು. ಕುದುರೆ ಮೇಲೆ ಒಬ್ಬ ಹೆಂಗಸು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿ ನೋಡ್ಕೊಂಡು ಏನೋ ರಾಗ ತೆಗೀತಿದ್ದಾಳೆ. ಗಂಡ ತೀರಿಹೋಗಿದ್ದಾನೆ, ಇವಳು ಸಹಗಮನಕ್ಕೆ ಸಿದ್ಧಳಾಗಿದ್ದಾಳೆ ಅಂದರು ಜನ.

ಬೇರೆ ಪ್ರವಾಸಿಗಳು ಇಷ್ಟಕ್ಕೇ ನಿಲ್ಲಿಸಿ, ಬೆಂಕಿಯ ದಿನಕ್ಕೆ ಕಾದು, ಆಮೇಲೆ ವರ್ಣನೆ ಬರೀತಿದ್ದರು. ಪಿಯೆತ್ರೊ ದುಭಾಷಿಯನ್ನ ಕರ್ಕೊಂಡು ಅವಳ ಮನೆಗೆ ಹೋದ. ಹೆಸರು ಕೇಳಿದ. ಗಂಡ ಏನು ಮಾಡ್ತಿದ್ದ ಅಂತ ಕೇಳಿದ. ವಾದ್ಯ ಬಾರಿಸೋನು ಅಂದಳು. ಇನ್ನಿಬ್ಬರು ಹಿರಿಯ ಹೆಂಡಿರೂ ಅಲ್ಲೇ ಇದ್ದರು. ನಮಗೆ ಮಕ್ಕಳು ಜಾಸ್ತಿ, ಸಾಕಬೇಕು ಅಂತ ಅವರು ಒಪ್ಪಿರಲಿಲ್ಲ. ಹಾಗಾದರೆ ನಿನಗೂ ಪುಟ್ಟ ಮಕ್ಕಳಿದ್ದಾರಲ್ಲ ಅಂದ. ಬೇಡ ಅಂತ ತನಗೆ ತಿಳಿದ ಥರ ಹೇಳಿ ನೋಡಿದ. ಯಾರಾದರೂ ಬಲವಂತ ಮಾಡಿದ್ದಾರಾ ಅಂತಲೂ ಕೇಳಿದ. ಇಲ್ಲ, ನನ್ನ ಇಷ್ಟ ಅಂದಳು. ನಗುಮುಖದಲ್ಲೇ ಮಾತಾಡಿದಳು ಅಂತ ಬರೆದಿದ್ದಾನೆ.

ಆ ಉತ್ತರವನ್ನ ನಾನು ಹಾಗೇ ನಂಬಲಾರೆ. ಸುತ್ತ ಮನೆಯವರು, ಮಧ್ಯೆ ದುಭಾಷಿ, ಎದುರಿಗೆ ಗುರುತಿಲ್ಲದ ಗಂಡಸು. ಊರೆಲ್ಲ ಮೆರವಣಿಗೆ ಆಗಿಬಿಟ್ಟಿದೆ. ಅವಳು ಬೇರೆ ಏನು ಹೇಳೋಕೆ ಸಾಧ್ಯ ಇತ್ತು? ಹಾಗಂತ ಅವಳ ಮಾತನ್ನ ಪೂರ್ತಿ ತಳ್ಳಿಹಾಕಿದರೆ, ಅವಳ ಬಾಯಿಂದ ನಮಗೆ ದಾಟಿ ಬಂದ ನಾಲ್ಕು ಮಾತನ್ನೂ ಕಿತ್ತುಕೊಂಡ ಹಾಗಾಗುತ್ತೆ. ಪಿಯೆತ್ರೊ ಕೂಡ ಇದರಲ್ಲಿ ಶುದ್ಧ ಅಲ್ಲ. ಅವನೊಳಗೆ ಒಂದಿಷ್ಟು ಮೆಚ್ಚುಗೆ ಇದೆ, ನಿನ್ನ ಹೆಸರನ್ನ ಲೋಕಕ್ಕೆ ತಿಳಿಸ್ತೀನಿ ಅಂತ ಮಾತು ಕೊಡ್ತಾನೆ. ಸಾಯೋಕೆ ಹೊರಟವಳಿಗೆ ಅಂಥ ಮಾತು ಕೊಡಬಾರದಿತ್ತು ಅಂತ ನನಗನಿಸುತ್ತೆ. ಆದರೆ ಹೆಂಡತಿಯನ್ನ ಮಣ್ಣಿಗೆ ಕೊಡಲಾರದೆ ಪೆಟ್ಟಿಗೆಯಲ್ಲಿಟ್ಟುಕೊಂಡು ದೇಶ ದಾಟಿದ ಗಂಡಸು, ಗಂಡನ ಹಿಂದೆ ಹೋಗ್ತೀನಿ ಅನ್ನೋ ಹೆಂಗಸಿನ ಎದುರು ಕೂತಿದ್ದ ಅನ್ನೋದನ್ನ ಮರೆಯೋಕೂ ಆಗಲ್ಲ.

ಮಾನಿಯ ಪೆಟ್ಟಿಗೆ ಗೋವಾ, ಬಸ್ರಾ, ಅಲೆಪ್ಪೊ ದಾಟಿ ಕೊನೆಗೂ ರೋಮ್ ಸೇರಿತು. 1627ರಲ್ಲಿ ಅರಾಚೇಲಿ ಚರ್ಚಿನಲ್ಲಿ, ಪಿಯೆತ್ರೊನ ಮನೆತನದವರ ಸಮಾಧಿಯಲ್ಲಿ ಅವಳನ್ನ ಇಟ್ಟರು. ಭಾರತದ ಪತ್ರಗಳು ಅಚ್ಚಾಗಿದ್ದು 1663ರಲ್ಲಿ, ಅವನು ಸತ್ತು ಹನ್ನೊಂದು ವರ್ಷ ಆದಮೇಲೆ. ಇಕ್ಕೇರಿಯಿಂದ ಬರೆದ ಪತ್ರದಲ್ಲಿ ಆ ಹೆಂಗಸಿನ ಹೆಸರು ಇಟಾಲಿಯನ್ ಕಾಗುಣಿತದಲ್ಲಿದೆ: ‘ಜಾಕ್ಕಮಾ’. ಜಕ್ಕಮ್ಮ ಇರಬೇಕು.